ಕೊಂಡ ಟೆಂಪ್ಲೇಟ್‌ನಲ್ಲಿ ಕ್ಲೈಂಟ್‌ಗೆ ವೆಬ್‌ಸೈಟ್ ಮಾಡಿಕೊಡುವುದು ಹೇಗೆ?

ವೆಬ್‌ಸೈಟ್ ಮಾಡಿಕೊಡುವವರಲ್ಲಿ ಬಹಳ ಜನ ರೆಡಿ ಟೆಂಪ್ಲೇಟ್ (ಮೊದಲೇ ಮಾಡಿಟ್ಟ ಸೈಟಿನ ವಿನ್ಯಾಸ) ಕೊಂಡು ಕೆಲಸ ಮಾಡುತ್ತಾರೆ. ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಐದಾರು ಪುಟದ ಸೈಟಿಗೆ ಮೆನು, ಗ್ಯಾಲರಿ, ಸಂಪರ್ಕದ ಫಾರ್ಮ್ ಎಲ್ಲವನ್ನೂ ಪ್ರತಿ ಸಲ ಮೊದಲಿನಿಂದ ಬರೆಯುತ್ತ ಕೂತರೆ ಕ್ಲೈಂಟ್‌ಗೂ ದುಬಾರಿ, ನಿಮಗೂ ಬೇಜಾರು. ಕೆಲಸ ಕೆಡುವುದು ಬೇರೆ ಕಡೆ. ದುಡ್ಡು ತೆಗೆದುಕೊಂಡು ನೀವು ಹೊರಟ ಮೇಲೂ ಆ ಸೈಟು ವರ್ಷಗಟ್ಟಲೆ ಓಡಬೇಕು. ಟೆಂಪ್ಲೇಟ್ ಆರಿಸುವಾಗ, ಕೊಳ್ಳುವಾಗ, ತಿದ್ದುವಾಗ ಇದೊಂದು ತಲೆಯಲ್ಲಿರಲಿ.

ಮೊದಲು ಬರಹ, ಫೋಟೊ ಕೈಗೆ ಬರಲಿ

ಟೆಂಪ್ಲೇಟ್ ಮಾರುವವರು ಮಾದರಿಗೆ ತೋರಿಸುವ ಡೆಮೊ ಪುಟ ಚೆಂದ ಕಾಣುವುದಕ್ಕೆ ಕಾರಣ ಇದೆ. ಅಲ್ಲಿರುವ ಫೋಟೊಗಳು ವೃತ್ತಿಪರರು ತೆಗೆದವು, ಶೀರ್ಷಿಕೆ ಎರಡೇ ಪದ, ಪ್ರತಿ ಚೌಕದಲ್ಲೂ ಅಳೆದಿಟ್ಟಂತೆ ಮೂರು ಸಾಲು. ನಿಮ್ಮ ಕ್ಲೈಂಟ್ ಕಳಿಸುವುದು ಫೋನ್ ನೆಟ್ಟಗೆ ಹಿಡಿದು ತೆಗೆದ ಫೋಟೊ, ಒಂದೂವರೆ ಪುಟದ ಪರಿಚಯ, ಇಪ್ಪತ್ತು ಸೇವೆಗಳ ಪಟ್ಟಿ. ಡೆಮೊಗೆ ಮರುಳಾಗಿ ಕೊಂಡರೆ ಇವನ್ನೆಲ್ಲ ಆ ಚೌಕಗಳೊಳಗೆ ತುರುಕುವುದರಲ್ಲೇ ದಿನ ಕಳೆಯುತ್ತದೆ. ಹಾಗಾಗಿ ಬರಹ, ಫೋಟೊ, ಲೋಗೊ ಮೊದಲು ಕೇಳಿ ತರಿಸಿಕೊಳ್ಳಿ. ಯಾವ ಪುಟ ಬೇಕು, ಸೈಟಿಗೆ ಬಂದವರು ಏನು ಮಾಡಬೇಕು (ಫೋನ್ ಮಾಡಬೇಕೋ, ಕೊಳ್ಳಬೇಕೋ, ಸುಮ್ನೆ ಓದಿ ಹೋಗಬೇಕೋ) ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದ ಹಿಡಿದುಕೊಂಡೇ ಟೆಂಪ್ಲೇಟ್ ಹುಡುಕಲು ಹೋಗಿ.

ಕ್ಲೈಂಟ್‌ಗೆ ಹೇಳಿಬಿಡಿ

‘ಸಿದ್ಧ ವಿನ್ಯಾಸವೊಂದನ್ನು ಕೊಂಡು ನಿಮಗೆ ಹೊಂದುವ ಹಾಗೆ ಮಾಡಿಕೊಡುತ್ತೇನೆ. ಇದೇ ವಿನ್ಯಾಸ ಬೇರೆಯವರ ಸೈಟಿನಲ್ಲೂ ಇರಬಹುದು. ಪೂರ್ತಿ ಹೊಸದೇ ಬೇಕೆಂದರೆ ಸಮಯ, ಖರ್ಚು ಎರಡೂ ಜಾಸ್ತಿ.’ ಇಷ್ಟು ಸಾಕು. ಇದನ್ನೇ ಕರಾರಿನಲ್ಲೂ ಬರೆಯಿರಿ. ಹೇಳದೆ ಬಿಟ್ಟರೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ವರ್ಡ್‌ಪ್ರೆಸ್ (ಸೈಟು ಕಟ್ಟಿ ನಡೆಸುವ ಉಚಿತ ಸಾಫ್ಟ್‌ವೇರ್) ಸೈಟಿನ ಪೇಜ್ ಸೋರ್ಸ್, ಅಂದರೆ ಪುಟದ ಹಿಂದಿನ ಕೋಡ್ ತೆರೆದರೆ ಥೀಮಿನ (ಅಲ್ಲಿ ಟೆಂಪ್ಲೇಟ್‌ಗೆ ಹೀಗೆನ್ನುತ್ತಾರೆ) ಹೆಸರು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ.

ಆರಿಸುವಾಗ ಏನು ನೋಡಬೇಕು

ಎಷ್ಟು ಮಾರಾಟವಾಗಿದೆ ಎನ್ನುವುದಕ್ಕಿಂತ ಕೊನೆಯ ಅಪ್‌ಡೇಟ್ ಯಾವಾಗ ಬಂತು ಎನ್ನುವುದು ಮುಖ್ಯ. ವರ್ಷದಿಂದ ಯಾರೂ ಮುಟ್ಟದ ಥೀಮ್ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಕೊಂಡವರು ಕೇಳಿದ ಪ್ರಶ್ನೆಗಳಿಗೆ ಮಾರುವವರು ಉತ್ತರ ಕೊಟ್ಟಿದ್ದಾರಾ ನೋಡಿ.

ಡೆಮೊವನ್ನು ನಿಮ್ಮ ದೊಡ್ಡ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಕಡಿಮೆ ಬೆಲೆಯ ಫೋನಿನಲ್ಲಿ ತೆರೆಯಿರಿ. ಆಮೇಲೆ ಅದರ ವಿಳಾಸವನ್ನು ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಡೆಮೊ ತೀರಾ ಹಿಂದೆ ಬಿದ್ದರೆ ನಿಮ್ಮ ಸೈಟು ಅದಕ್ಕಿಂತ ಚುರುಕಾಗುತ್ತದೆ ಎಂದು ನಂಬುವುದು ಕಷ್ಟ. ಮಸುಕು ಬೂದು ಅಕ್ಷರಗಳ ಬಗ್ಗೆಯೂ ಎಚ್ಚರ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು ಎನ್ನುತ್ತದೆ, ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ. ಡಿಸೈನರ್‌ಗಳಿಗೆ ಬೂದು ಬಣ್ಣದ ಮೇಲೆ ಏನೋ ಮೋಹ, ವಯಸ್ಸಾದ ಓದುಗರಿಗೆ ಅದೇ ಕಾಟ.

‘ನೂರು ಡೆಮೊ, ಐವತ್ತು ಸ್ಲೈಡರ್, ನಾಲ್ಕು ಪೇಜ್ ಬಿಲ್ಡರ್’ ಎಂದು ಬೀಗುವ ಥೀಮ್‌ಗಳಿಂದ ದೂರ ಇದ್ದರೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ (ಸ್ಲೈಡರ್ ಎಂದರೆ ಒಂದರ ಹಿಂದೊಂದು ಬದಲಾಗುವ ಚಿತ್ರಗಳು, ಪೇಜ್ ಬಿಲ್ಡರ್ ಎಂದರೆ ಕೋಡ್ ಬರೆಯದೆ ಪುಟ ಜೋಡಿಸುವ ಸಾಧನ). ಕ್ಲೈಂಟ್‌ಗೆ ಬೇಕಾಗುವುದು ಒಂದು ಡೆಮೊ. ಮಿಕ್ಕಿದ್ದರ ಭಾರ ಸೈಟು ಹೊರುತ್ತದೆ.

ಲೈಸೆನ್ಸ್: ಇಲ್ಲಿ ನಿಧಾನವಾಗಿ ಓದಿ

ಟೆಂಪ್ಲೇಟ್ ಕೊಂಡೆ ಎಂದರೆ ಅದು ನಿಮ್ಮದಾಯಿತು ಅಂತಲ್ಲ. ನೀವು ಕೊಂಡದ್ದು ಬಳಸುವ ಹಕ್ಕು. 2008ರಲ್ಲಿ ಶುರುವಾದ, ಟೆಂಪ್ಲೇಟ್ ಮಾರುವ ಥೀಮ್‌ಫಾರೆಸ್ಟ್ ತಾಣದ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ರೆಗ್ಯುಲರ್, ಎಕ್ಸ್‌ಟೆಂಡೆಡ್ ಎಂದು ಎರಡು ಲೈಸೆನ್ಸ್ ಇವೆ. ಎಕ್ಸ್‌ಟೆಂಡೆಡ್ ಕೊಂಡರೆ ಎಷ್ಟು ಸೈಟಿಗೆ ಬೇಕಾದರೂ ಹಾಕಬಹುದು ಎಂದು ತುಂಬ ಜನ ತಿಳಿದಿದ್ದಾರೆ. ತಪ್ಪು. ಎರಡೂ ಒಂದೇ ಸೈಟಿಗೆ. ವ್ಯತ್ಯಾಸ ಇರುವುದು ಸೈಟು ಬಳಸುವವರು ಆ ಬಳಕೆಗೇ ದುಡ್ಡು ಕಟ್ಟಬೇಕಾ ಎಂಬುದರಲ್ಲಿ. ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುವ ಸೈಟಿಗೆ ಎಕ್ಸ್‌ಟೆಂಡೆಡ್ ಬೇಕು. ಸಾಮಾನು ಮಾರುವ ಆನ್‌ಲೈನ್ ಅಂಗಡಿಗೆ ರೆಗ್ಯುಲರ್ ಸಾಕು, ಏಕೆಂದರೆ ಗಿರಾಕಿ ದುಡ್ಡು ಕೊಡುವುದು ಸಾಮಾನಿಗೆ.

ಕ್ಲೈಂಟ್ ಕೆಲಸಕ್ಕೆ ಬಳಸಬಹುದಾ? ಧಾರಾಳವಾಗಿ. ಒಬ್ಬ ಕ್ಲೈಂಟ್‌ಗೆ ಒಂದು ಸೈಟು ಮಾಡಿ, ನಿಮಗೆ ಸರಿಕಂಡ ದುಡ್ಡು ತೆಗೆದುಕೊಂಡು ಕೊಡಬಹುದು. ಆಗ ಆ ಲೈಸೆನ್ಸ್ ಕ್ಲೈಂಟ್‌ಗೆ ಹೋಗುತ್ತದೆ. ಇನ್ನೊಬ್ಬ ಕ್ಲೈಂಟ್ ಬಂದರೆ ಇನ್ನೊಂದು ಲೈಸೆನ್ಸ್. ಚಂದಾ ಕಟ್ಟಿ ಟೆಂಪ್ಲೇಟ್ ಪಡೆಯುವ ಸೇವೆಗಳಲ್ಲಿ ಲೆಕ್ಕ ಬೇರೆ ಇರಬಹುದು, ಅವುಗಳ ನಿಯಮ ಓದಿ ನೋಡಿ.

ವರ್ಡ್‌ಪ್ರೆಸ್ ವಿಷಯದಲ್ಲಿ ಒಂದು ತಿರುವಿದೆ. ವರ್ಡ್‌ಪ್ರೆಸ್ ಹೊರಬರುವುದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನಲ್ಲಿ. ಥೀಮಿನ ಪಿಎಚ್‌ಪಿ ಭಾಗಕ್ಕೂ (ಸರ್ವರ್‌ನಲ್ಲಿ ಓಡುವ ಕೋಡ್) ಅದೇ ಅನ್ವಯ, ಚಿತ್ರ, ಸಿಎಸ್‌ಎಸ್‌ಗಳಿಗೆ (ಬಣ್ಣ, ಅಳತೆ ಹೇಳುವ ಕೋಡ್) ಅನ್ವಯಿಸಲೇಬೇಕು ಅಂತಿಲ್ಲ ಎಂದು 2009ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅಭಿಪ್ರಾಯ ಕೊಟ್ಟಿತು. ಹೀಗಾಗಿ ಕೆಲವು ಥೀಮ್‌ಗಳು ಪೂರ್ತಿ ಜಿಪಿಎಲ್, ಕೆಲವು ಅರ್ಧಂಬರ್ಧ. ಪೂರ್ತಿ ಜಿಪಿಎಲ್ ಆಗಿದ್ದರೂ ಅಪ್‌ಡೇಟ್, ಸಪೋರ್ಟ್ ಬೇಕೆಂದರೆ ದುಡ್ಡು ಕೊಟ್ಟೇ ಪಡೆಯಬೇಕಾಗುತ್ತದೆ.

ಡೆಮೊದಲ್ಲಿ ಕಂಡ ಫೋಟೊಗಳು ಬಹಳ ಸಲ ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಸೇರಿದ್ದರೂ ಕ್ಲೈಂಟ್ ಸೈಟಿನಲ್ಲಿ ಹಾಕುವ ಹಕ್ಕು ಇದೆಯಾ ಎಂದು ಓದಿ ನೋಡಿ.

‘ನಲ್ಡ್’ ಎಂಬ ಹೆಸರಿನಲ್ಲಿ ಬಿಟ್ಟಿ ಸಿಗುವ ಕದ್ದ ಪ್ರತಿಗಳ ಹತ್ತಿರ ಹೋಗಲೇಬೇಡಿ. 2014ರಲ್ಲಿ ಬೆಳಕಿಗೆ ಬಂದ ಕ್ರಿಪ್ಟೊಪಿಎಚ್‌ಪಿ ಎಂಬ ಹಿಂಬಾಗಿಲು (ಸೈಟಿಗೆ ಗುಟ್ಟಾಗಿ ನುಗ್ಗಲು ದಾರಿ ಮಾಡುವ ಕೋಡ್) ಹರಡಿದ್ದೇ ಇಂಥ ಕದ್ದ ಥೀಮ್, ಪ್ಲಗಿನ್‌ಗಳ (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕು) ಮೂಲಕ.

ಖರೀದಿ ಯಾರ ಹೆಸರಲ್ಲಿ?

ಆದಷ್ಟೂ ಕ್ಲೈಂಟ್ ಹೆಸರಲ್ಲೇ. ಅವರೇ ಖಾತೆ ತೆರೆದು, ಅವರ ಕಾರ್ಡಿನಿಂದಲೇ ಕೊಂಡು, ಫೈಲ್ ಮತ್ತು ಖರೀದಿ ಕೋಡ್ (ಕೊಂಡದ್ದಕ್ಕೆ ಪುರಾವೆ) ನಿಮಗೆ ಕಳಿಸಲಿ. ನಿಮ್ಮ ಖಾತೆಯಲ್ಲಿ ಕೊಂಡರೆ ಮುಂದೆ ಪ್ರತಿ ಅಪ್‌ಡೇಟ್‌ಗೂ ಅವರು ನಿಮ್ಮನ್ನೇ ಕೇಳಬೇಕು. ನೀವು ಕೆಲಸ ಬದಲಿಸಿದರೆ? ಫೋನ್ ಎತ್ತದಿದ್ದರೆ? ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಇದು ಒಳ್ಳೆಯ ಉಪಾಯ ಎಂದು ಕೆಲವರು ಭಾವಿಸುತ್ತಾರೆ. ಹಾಗೆ ಹಿಡಿದಿಟ್ಟ ಗಿರಾಕಿ ಇನ್ನೊಬ್ಬರಿಗೆ ನಿಮ್ಮ ಹೆಸರು ಹೇಳುವುದಿಲ್ಲ.

ಮೂಲ ಫೈಲ್ ಮುಟ್ಟದೆ ತಿದ್ದಿ

ವರ್ಡ್‌ಪ್ರೆಸ್ ಆದರೆ ಮೊದಲ ದಿನವೇ ಚೈಲ್ಡ್ ಥೀಮ್ (ಮೂಲ ಥೀಮನ್ನು ಆಧರಿಸಿ, ನಿಮ್ಮ ತಿದ್ದುಪಡಿ ಮಾತ್ರ ಇಟ್ಟುಕೊಳ್ಳುವ ಥೀಮ್) ಮಾಡಿ. ಒಂದು ಹೊಸ ಫೋಲ್ಡರ್, ಅದರಲ್ಲಿ ಒಂದು ಸ್ಟೈಲ್ ಫೈಲ್. ಆ ಫೈಲಿನ ತಲೆಯಲ್ಲಿ ‘ಥೀಮ್ ನೇಮ್’ ಸಾಲಿನ ಮುಂದೆ ಹೊಸ ಥೀಮಿಗೆ ಒಂದು ಹೆಸರು, ‘ಟೆಂಪ್ಲೇಟ್’ ಎಂಬ ಸಾಲಿನ ಮುಂದೆ ಮೂಲ ಥೀಮಿನ ಫೋಲ್ಡರ್ ಹೆಸರು, ಇಷ್ಟಿದ್ದರೆ ಶುರು ಮಾಡಬಹುದು. ನಿಮ್ಮ ಬಣ್ಣ, ಫಾಂಟ್, ತಿದ್ದಿದ ಪುಟಗಳು ಇಲ್ಲಿರಲಿ. ಮೂಲ ಥೀಮನ್ನೇ ಕೆತ್ತಿದರೆ ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ಕೆಲಸವೆಲ್ಲ ಅಳಿಸಿಹೋಗುತ್ತದೆ. ಆ ಭಯಕ್ಕೆ ಅಪ್‌ಡೇಟೇ ಮಾಡದೆ ಕೂರುವವರೂ ಇದ್ದಾರೆ, ಅದು ಇನ್ನೂ ಅಪಾಯ. ವರ್ಡ್‌ಪ್ರೆಸ್ ಇಲ್ಲದ ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಟೆಂಪ್ಲೇಟ್ ಆದರೆ ನಿಮ್ಮ ಸಿಎಸ್‌ಎಸ್ ಬೇರೆ ಫೈಲಿನಲ್ಲಿಟ್ಟು ಕೊನೆಯಲ್ಲಿ ಸೇರಿಸಿ.

ಬದಲಾವಣೆ ಬರೀ ಬಣ್ಣದಲ್ಲಿ ನಿಲ್ಲಬಾರದು. ಬೇಡದ ವಿಭಾಗಗಳನ್ನು ತೆಗೆಯಿರಿ. ತಾನಾಗಿ ಓಡುವ ಸ್ಲೈಡರ್ ಬದಲು ಒಂದು ಒಳ್ಳೆಯ ಫೋಟೊ, ಒಂದು ನೇರ ವಾಕ್ಯ ಹಾಕಿ. ಲ್ಯಾಟಿನ್ ಅಲ್ಲದ ಲಿಪಿಯಲ್ಲಿ ಬರಹ ಇದ್ದರೆ ಫಾಂಟ್ ಬದಲಿಸಿ, ಸಾಲುಗಳ ನಡುವಿನ ಜಾಗ ಹೆಚ್ಚಿಸಿ. ಡೆಮೊದ ಅಳತೆ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ್ದು, ಒತ್ತಕ್ಷರಗಳು ಒಂದಕ್ಕೊಂದು ತಾಗಿಬಿಡುತ್ತವೆ.

ಜೊತೆಗೆ ಬಂದ ಪ್ಲಗಿನ್‌ಗಳು

‘ಇಷ್ಟು ಬೆಲೆಯ ಪ್ಲಗಿನ್ ಉಚಿತ’ ಎಂದು ಥೀಮ್ ಮಾರುವವರು ಬರೆದಿರುತ್ತಾರೆ. ಸಾಮಾನ್ಯವಾಗಿ ಅವುಗಳ ಸ್ವಂತ ಲೈಸೆನ್ಸ್ ಕೋಡ್ ನಿಮಗೆ ಸಿಗುವುದಿಲ್ಲ. ಥೀಮ್ ಮಾಡಿದವರು ಹೊಸ ಪ್ರತಿ ಸೇರಿಸಿದಾಗಲೇ ನಿಮಗೆ ಅಪ್‌ಡೇಟ್. ಇದರಿಂದ ಏನಾಗಬಹುದು ಎನ್ನುವುದಕ್ಕೆ ಸ್ಲೈಡರ್ ರೆವಲ್ಯೂಷನ್ ಕತೆ ಇದೆ. ನೂರಾರು ಥೀಮ್‌ಗಳ ಜೊತೆ ಬರುತ್ತಿದ್ದ ಈ ಪ್ಲಗಿನ್‌ನಲ್ಲಿ ದೊಡ್ಡ ಲೋಪವಿತ್ತು. 2014ರ ಆರಂಭದಲ್ಲೇ ಅದನ್ನು ಸರಿಪಡಿಸಿದ ಹೊಸ ಆವೃತ್ತಿ ಬಂದಿತ್ತು. ಆದರೂ ಥೀಮಿನೊಳಗೆ ಕೂತ ಹಳೆಯ ಪ್ರತಿಗಳು ಹಾಗೇ ಉಳಿದವು. ತಮ್ಮ ಸೈಟಿನಲ್ಲಿ ಆ ಪ್ಲಗಿನ್ ಇದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ಎಂಬ ಮಾಲ್‌ವೇರ್ ಈ ದಾರಿಯಲ್ಲಿ ನುಗ್ಗಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೈನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು.

ಹಾಗಾಗಿ ಬೇಡದ ಪ್ಲಗಿನ್ ಅಳಿಸಿ. ಸುಮ್ನೆ ಆಫ್ ಮಾಡಿದರೆ ಸಾಲದು. ಉಳಿಸಿಕೊಂಡದ್ದು ಸೈಟಿಗೆ ಅಷ್ಟು ಮುಖ್ಯವಾದರೆ ಅದರ ಲೈಸೆನ್ಸ್ ಬೇರೆಯಾಗಿ ಕೊಳ್ಳಿ.

ಡೆಮೊ ಕಸ ಗುಡಿಸಿ

ಜಾಗ ತುಂಬಲು ಹಾಕುವ ‘ಲೋರೆಮ್ ಇಪ್ಸಮ್’ ಬರಹ, ಯಾರೋ ಅಪರಿಚಿತರ ‘ಅದ್ಭುತ ಸೇವೆ!’ ಎಂಬ ಹೊಗಳಿಕೆ, ಥೀಮ್ ಮಾಡಿದವರ ಫೇಸ್‌ಬುಕ್ ಪುಟಕ್ಕೆ ಹೋಗುವ ಐಕಾನ್ ಇವೆಲ್ಲ ಸೈಟಿನ ಮೂಲೆಗಳಲ್ಲಿ ಉಳಿದುಬಿಡುತ್ತವೆ. 404 ಪುಟವನ್ನೂ (ಇಲ್ಲದ ವಿಳಾಸ ತೆರೆದಾಗ ಕಾಣುವುದು) ಫುಟರನ್ನೂ (ಪುಟದ ಕೆಳಭಾಗ) ಒಮ್ಮೆ ನೋಡಿ. ಸಂಪರ್ಕ ಫಾರ್ಮ್‌ನಿಂದ ಒಂದು ಮೇಲ್ ಕಳಿಸಿ, ಅದು ಕ್ಲೈಂಟ್‌ಗೆ ತಲುಪಿತಾ ಎಂದು ಅವರ ಬಾಯಿಂದಲೇ ಕೇಳಿ. ಸರ್ಚ್ ಎಂಜಿನ್‌ಗಳಿಗೆ ಸೈಟು ಕಾಣದಂತೆ ಹಾಕಿದ್ದ ಟಿಕ್ ತೆಗೆಯಲು ಮರೆಯಬೇಡಿ.

ಬಿಲ್ ಮತ್ತು ಹಸ್ತಾಂತರ

ಟೆಂಪ್ಲೇಟ್ ಬೆಲೆಯನ್ನು ಬಿಲ್‌ನಲ್ಲಿ ಬೇರೆ ಸಾಲಾಗಿ, ಕೊಂಡ ಬೆಲೆಗೇ ತೋರಿಸಿ. ನಿಮ್ಮ ಸಂಭಾವನೆ ಆರಿಸಿದ್ದಕ್ಕೆ, ಹೊಂದಿಸಿದ್ದಕ್ಕೆ, ಬರಹ ಜೋಡಿಸಿದ್ದಕ್ಕೆ, ಪರೀಕ್ಷೆ ಮಾಡಿದ್ದಕ್ಕೆ. ‘ರೆಡಿ ಸಿಗುತ್ತಲ್ಲ, ಇಷ್ಟ್ಯಾಕೆ?’ ಎಂದು ಕೇಳಿದರೆ ಈ ಪಟ್ಟಿ ತೋರಿಸಿ.

ಕೊಡುವಾಗ ಡೊಮೈನ್, ಹೋಸ್ಟಿಂಗ್, ಅಡ್ಮಿನ್ ಲಾಗಿನ್, ಖರೀದಿ ಕೋಡ್, ಚೈಲ್ಡ್ ಥೀಮಿನ ಪ್ರತಿ, ಒಂದು ಪೂರ್ತಿ ಬ್ಯಾಕಪ್ ಎಲ್ಲವೂ ಸೇರಿರಲಿ. ಥೀಮ್‌ಫಾರೆಸ್ಟ್‌ನಲ್ಲಿ ಸಪೋರ್ಟ್ ಇರುವ ಥೀಮ್‌ಗಳಿಗೆ ಅದು ಸಿಗುವುದು ಕೊಂಡ ದಿನದಿಂದ 6 ತಿಂಗಳು. ಸೈಟು ಕಟ್ಟುವಷ್ಟರಲ್ಲೇ ಎರಡು ತಿಂಗಳು ಹೋಗಿದ್ದರೆ ಉಳಿದದ್ದು ನಾಲ್ಕೇ. ಆ ಕೊನೆಯ ತಾರೀಖನ್ನೂ, ಆಮೇಲೆ ಅಪ್‌ಡೇಟ್ ಯಾರು ಮಾಡುತ್ತಾರೆ, ತಿಂಗಳಿಗೆ ಎಷ್ಟಕ್ಕೆ ಎನ್ನುವುದನ್ನೂ ಹಸ್ತಾಂತರದ ಮೇಲ್‌ನಲ್ಲೇ ಬರೆದು ಕಳಿಸಿ.