ಮನೆಯ ಲೇತ್‌ಗೆ ಲಿನಕ್ಸ್‌ಸಿಎನ್‌ಸಿ, ರೂಟರ್‌ಗೆ ಜಿಆರ್‌ಬಿಎಲ್: ನನ್ನ ಅನುಭವ

ಮೈಸೂರಿನ ನನ್ನ ಶೆಡ್ಡಿನಲ್ಲಿ ಎರಡು ಮೆಷಿನ್‌ಗಳಿವೆ. ಬೀಟೆ ಹಲಗೆಯಲ್ಲಿ ಇನ್‌ಲೇ ಕೆಲಸಕ್ಕೆ ಗುಂಡಿ ತೋಡುವ ರೂಟರ್ ಓಡುವುದು ಆರ್ಡುಯಿನೊ ಎಂಬ ಚಿಕ್ಕ ಬೋರ್ಡಿನ ಮೇಲಿನ ಜಿಆರ್‌ಬಿಎಲ್ ಎಂಬ ಮೆಷಿನ್ ನಡೆಸುವ ಸಾಫ್ಟ್‌ವೇರ್‌ನಲ್ಲಿ. ಚಿಕ್ಕ ಲೇತ್ ಮಾತ್ರ ಕಂಪ್ಯೂಟರಿನಲ್ಲಿ ಓಡುವ, ಅದೇ ಕೆಲಸದ ಲಿನಕ್ಸ್‌ಸಿಎನ್‌ಸಿಯಲ್ಲಿ. ಒಳಗಿನ ಸಿಗ್ನಲ್‌ಗಳ ಜೋಡಣೆಯನ್ನೂ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದಾದ ಲಿನಕ್ಸ್‌ಸಿಎನ್‌ಸಿಯಂಥ ಸಾಫ್ಟ್‌ವೇರ್ ಹವ್ಯಾಸಿಗಳಿಗೆ ಹೊಂದುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಈ ಎರಡು ಮೆಷಿನ್‌ಗಳಲ್ಲೇ ಇದೆ.

ರೂಟರ್‌ಗೆ ಅಂಥ ಸಾಫ್ಟ್‌ವೇರ್ ಬೇಕಿಲ್ಲ. ಮೋಟಾರಿನ ಒಂದು ಸುತ್ತಿಗೆ 200 ಸ್ಟೆಪ್, ಒಂದು ಸ್ಟೆಪ್ಪನ್ನು ಒಡೆಯುವ ಮೈಕ್ರೊಸ್ಟೆಪ್ 8, ಬಾಲ್ ಸ್ಕ್ರೂ ಪಿಚ್ (ಸುತ್ತಿಗೆ ಸರಿಯುವ ದೂರ) 5 ಮಿ.ಮೀ. ಅಂದರೆ ಮಿ.ಮೀ.ಗೆ 320 ಸ್ಟೆಪ್; ಜಿಆರ್‌ಬಿಎಲ್ ಸೆಟಿಂಗ್‌ನಲ್ಲಿ $100=320 ಎಂದು ಹಾಕಿದರೆ ಎಕ್ಸ್ ಅಕ್ಷ ಮುಗಿಯಿತು. ಆರ್ಡುಯಿನೊ ಯುನೊ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತದೆ, ಹಾಗಾಗಿ ನಿಮಿಷಕ್ಕೆ 5,600 ಮಿ.ಮೀ. ವೇಗದವರೆಗೆ ಅಡ್ಡಿಯಿಲ್ಲ. ಬೀಟೆಗೆ ನಾನು 1,500 ದಾಟುವುದೇ ಇಲ್ಲ. $1=255 ಮಾತ್ರ ಮರೆಯಬೇಡಿ; ಇಲ್ಲದಿದ್ದರೆ ಮೆಷಿನ್ ನಿಂತ ತಕ್ಷಣ ಮೋಟಾರು ಹಿಡಿತ ಬಿಟ್ಟು ಅಳತೆ ಜಾರುತ್ತದೆ.

ಲೇತ್‌ನಲ್ಲಿ ಥ್ರೆಡ್ (ಸ್ಕ್ರೂವಿನ ಸುರುಳಿ ತೋಡು) ಕೊಯ್ಯಬೇಕಾದರೆ ಲೆಕ್ಕ ಬೇರೆ. 1.5 ಮಿ.ಮೀ. ಪಿಚ್‌ನ ಥ್ರೆಡ್ ಆದರೆ, ಜಾಬ್ ಹಿಡಿದು ತಿರುಗುವ ಸ್ಪಿಂಡಲ್ ಒಂದು ಸುತ್ತು ಬಂದಾಗ ಟೂಲ್ ಸರಿಯಾಗಿ 1.5 ಮಿ.ಮೀ. ಸರಿಯಬೇಕು, ಪ್ರತಿ ಪಾಸ್‌ನಲ್ಲೂ ಅದೇ ತೋಡಿಗೆ ಬೀಳಬೇಕು. ಜಿಆರ್‌ಬಿಎಲ್‌ನಲ್ಲಿ ಇದಿಲ್ಲ, ಲಿನಕ್ಸ್‌ಸಿಎನ್‌ಸಿಯ ಜಿ76 ಎಂಬ ಆದೇಶ ಇದನ್ನೇ ಮಾಡುತ್ತದೆ. ಸ್ಪಿಂಡಲ್ ಎಲ್ಲಿದೆ ಎಂದು ತಿಳಿಯಲು ಅದರ ಹಿಂದೆ 100 ಸೀಳಿನ ಡಿಸ್ಕ್, ಎರಡು ಆಪ್ಟಿಕಲ್ ಸೆನ್ಸರ್, ಸುತ್ತಿಗೊಮ್ಮೆ ಸಿಗ್ನಲ್ ಕೊಡಲು ಇನ್ನೊಂದು. ಸೀಳಿಗೆ ನಾಲ್ಕರಂತೆ ಸುತ್ತಿಗೆ 400 ಎಣಿಕೆ ಬರುತ್ತದೆ. ಇನ್ನೂ ನಿಖರವಾಗಲಿ ಎಂದು 1,000 ಸೀಳಿನದನ್ನು ತರಬೇಡಿ. 600 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 40,000 ಎಣಿಕೆ ಕೊಡುತ್ತದೆ. ಪ್ಯಾರಲಲ್ ಪೋರ್ಟನ್ನು 25 ಮೈಕ್ರೊಸೆಕೆಂಡಿಗೊಮ್ಮೆ ಓದುವ ಕಂಪ್ಯೂಟರ್‌ಗೆ ಅದೇ ತುತ್ತತುದಿ, ಎಣಿಕೆ ತಪ್ಪಿ ಥ್ರೆಡ್ ಕೆಡುತ್ತದೆ.

ಇದಕ್ಕೆಂದು ಹಳೆಯ ಡೆಸ್ಕ್‌ಟಾಪ್ ಕೊಳ್ಳುವ ಮೊದಲೇ ಪೆನ್‌ಡ್ರೈವ್‌ನಲ್ಲಿನ ಲಿನಕ್ಸ್‌ಸಿಎನ್‌ಸಿಯಿಂದ ಬೂಟ್ ಮಾಡಿ, ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಅಳೆಯುವ ಲೇಟೆನ್ಸಿ ಟೆಸ್ಟ್ ಓಡಿಸಿ. ವಿಡಿಯೊ ಹಾಕಿ, ಫೈಲ್ ಕಾಪಿ ಮಾಡುತ್ತಾ ಅರ್ಧ ಗಂಟೆಯಾದರೂ ನೋಡಿ. ಜಿಟರ್ (ಸಮಯದ ಏರುಪೇರು) 20,000 ನ್ಯಾನೊಸೆಕೆಂಡ್ ಒಳಗಿದ್ದರೆ ಚಿನ್ನ; 1,00,000 ದಾಟಿದರೆ ಆ ಕಂಪ್ಯೂಟರ್ ಬೇಡ.

ಲಿನಕ್ಸ್‌ಸಿಎನ್‌ಸಿಯಲ್ಲಿ ಸಿಗ್ನಲ್‌ಗಳನ್ನು ಜೋಡಿಸುವ ಹ್ಯಾಲ್ ಫೈಲಿನಲ್ಲಿ ಕೈಯಾಡಿಸುವಾಗ ಎಲ್ಲರೂ ಎಡವುವ ಜಾಗ ಲಿಮಿಟ್ ಸ್ವಿಚ್, ಅಂದರೆ ಅಕ್ಷದ ಕೊನೆ ತಿಳಿಸುವ ಸ್ವಿಚ್. ಸ್ಪಿಂಡಲ್ ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿ ಆನ್ ಆದೊಡನೆ ಸ್ವಿಚ್ ಸುಮ್ಮನೆ ಒತ್ತಿದಂತೆ ತೋರುತ್ತದೆ. ಕ್ಷಣಿಕ ಸಿಗ್ನಲ್ ಸೋಸುವ ಡಿಬೌನ್ಸ್ ಫಿಲ್ಟರ್ ಹಾಕಿದರೆ ತಪ್ಪು ಸಿಗ್ನಲ್ ನಿಲ್ಲುತ್ತದೆ, ಆದರೆ ಅದಕ್ಕೂ ಬೆಲೆಯಿದೆ. 1 ಮಿಲಿಸೆಕೆಂಡಿಗೊಮ್ಮೆ ಓಡುವ ಸರ್ವೊ ಥ್ರೆಡ್‌ನಲ್ಲಿ (ಇದು ಸಾಫ್ಟ್‌ವೇರಿನ ಆವರ್ತನ, ಸ್ಕ್ರೂವಿನ ಥ್ರೆಡ್ ಅಲ್ಲ) ಡಿಲೇ 5 ಎಂದರೆ ಸ್ವಿಚ್ ತಾಗಿದ ಸುದ್ದಿ 5 ಮಿಲಿಸೆಕೆಂಡ್ ತಡ. ನಿಮಿಷಕ್ಕೆ 1,200 ಮಿ.ಮೀ. ವೇಗದಲ್ಲಿ ಹೋಮ್ (ಅಳತೆ ಶುರುವಾಗುವ ಬಿಂದು) ಹುಡುಕುತ್ತಿದ್ದರೆ ಅಷ್ಟರಲ್ಲಿ ಟೂಲ್ 0.1 ಮಿ.ಮೀ. ಮುಂದೆ ಹೋಗಿರುತ್ತದೆ. ಸ್ವಿಚ್ಚನ್ನು ಕೊನೆಗೆ ನಿಖರವಾಗಿ ಗುರುತಿಸುವ ಲ್ಯಾಚ್ ವೇಗವನ್ನು ನಿಮಿಷಕ್ಕೆ 60 ಮಿ.ಮೀ.ಗೆ ಇಳಿಸಿದರೆ ಅದೇ ತಡಕ್ಕೆ 0.005 ಮಿ.ಮೀ. ಅಷ್ಟೇ. ಇದಕ್ಕೂ ಮೊದಲು ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ವಿಎಫ್‌ಡಿ ವೈರನ್ನು ದೂರ ಎಳೆಯಿರಿ. ವೈರಿಂಗ್ ತಪ್ಪನ್ನು ಫಿಲ್ಟರ್‌ನಲ್ಲಿ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಕರೆಂಟ್ ಹೋದಾಗಿನ ಮಾತು. ಕಂಪ್ಯೂಟರ್‌ಗೆ ಮಾತ್ರ ಯುಪಿಎಸ್ ಕೊಟ್ಟರೆ ಅಪಾಯ ಹೆಚ್ಚು: ಮೋಟಾರು ಸತ್ತಿರುತ್ತದೆ, ಪರದೆಯ ಮೇಲೆ ಅಂಕಿ ಓಡುತ್ತಲೇ ಇರುತ್ತದೆ. ಮೋಟಾರು ಡ್ರೈವ್‌ಗಳ ಸಪ್ಲೈಗೆ ಸಮಾಂತರವಾಗಿ 230 ವೋಲ್ಟ್ ಕಾಯಿಲ್‌ನ ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಹ್ಯಾಲ್‌ನ ಇ-ಸ್ಟಾಪ್ (ತುರ್ತು ನಿಲುಗಡೆ) ಸರಣಿಗೆ ಸೇರಿಸಿದ್ದೇನೆ. ಮೋಟಾರಿನ ಕರೆಂಟ್ ಕಡಿಯುವ ಕೆಂಪು ಬಟನ್ ಮಾತ್ರ ನೇರ ಕಾಂಟ್ಯಾಕ್ಟರ್‌ಗೆ (ದೊಡ್ಡ ಕರೆಂಟ್ ಕಡಿಯುವ ಸ್ವಿಚ್‌ಗೆ), ಸಾಫ್ಟ್‌ವೇರ್ ನಡುವೆ ಬರಕೂಡದು. ಲಿನಕ್ಸ್‌ಸಿಎನ್‌ಸಿಯ ಸೆಟಿಂಗ್‌ಗಳಿರುವ ಐಎನ್‌ಐ ಫೈಲಿನಲ್ಲಿ ವೊಲಟೈಲ್ ಹೋಮ್ 1 ಮಾಡಿ. ಆಗ ಮೆಷಿನ್ ಆಫ್ ಆದೊಡನೆ ಹಳೆಯ ಹೋಮ್ ರದ್ದಾಗುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಹೋಮ್ ಮಾಡಿ. ಜಾಬ್ ಅನ್ನು ಚಕ್‌ನಿಂದ ಬಿಚ್ಚಿಲ್ಲದಿದ್ದರೆ, ಟೂಲ್ ಅಲುಗಿಲ್ಲದಿದ್ದರೆ, ಅರ್ಧ ಕೊಯ್ದ ಥ್ರೆಡ್‌ನ ತೋಡಿನಲ್ಲೇ ಟೂಲ್ ಕೂರುತ್ತದೆ.