ಪವಿತ್ರ ಸಮಾಧಿ ಅಲ್ಲೇ ಇತ್ತಾ? ನಾನು ಉತ್ತರ ಹುಡುಕಿಕೊಂಡ ಬಗೆ

ಯಾತ್ರಿಕರನ್ನು ಜೆರುಸಲೇಮಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಯೇಸುವನ್ನು ಶಿಲುಬೆಗೇರಿಸಿ ಹೂಳಿದ್ದು ಇಲ್ಲೇ ಎಂದು ನಂಬುವ ಜಾಗದಲ್ಲಿರುವ ಪವಿತ್ರ ಸಮಾಧಿ ಚರ್ಚಿನ ಅಂಗಳದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ್ದು ಊರ ಹೊರಗೆ ಅಲ್ವಾ? ಇದು ಊರೊಳಗೇ ಇದೆಯಲ್ಲ?" ನ್ಯಾಯವಾದ ಪ್ರಶ್ನೆ. ಸುಮ್ನೆ ನಂಬಿ ಎಂದು ಮುಂದೆ ಸಾಗಲು ನನಗೆ ಮನಸ್ಸಾಗಲಿಲ್ಲ. ಮೊದಲು ಗೋಡೆಗಳ ಇತಿಹಾಸ ಓದಿದೆ.

ಈಗ ಕಾಣುವ ಕೋಟೆಗೋಡೆ 16ನೇ ಶತಮಾನದ್ದು, ಒಟ್ಟೋಮನ್ ಸುಲ್ತಾನ ಸುಲೇಮಾನ್ ಕಟ್ಟಿಸಿದ್ದು. ಯೇಸುವಿನ ಕಾಲದ ಊರನ್ನು ಅದರಿಂದ ಅಳೆಯಬಾರದು. ಆಗ ಈ ಜಾಗ ಊರಾಚೆಯ ಹಳೇ ಕಲ್ಲುಗಣಿ. ಕ್ರಿ.ಶ. 41–44ರಲ್ಲಿ ಇಲ್ಲಿ ಆಳಿದ ರಾಜ ಹೆರೋದ ಅಗ್ರಿಪ್ಪ ಹೊಸ ಗೋಡೆ ಎಬ್ಬಿಸಿದ ಮೇಲೆಯೇ ಇದು ಊರೊಳಗೆ ಸೇರಿದ್ದು.

ಓದಿದ್ದಕ್ಕಿಂತ ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು ಕಣ್ಣಾರೆ ಕಂಡದ್ದು. ಚರ್ಚಿನೊಳಗೆ ಯೇಸುವಿನ ಸಮಾಧಿ ಎಂದು ತೋರಿಸುವ ಜಾಗದ ಮೇಲೆ ಒಂದು ಮಂಟಪವಿದೆ, ಅದರ ಹಿಂದೆ ಸಿರಿಯನ್ನರ ಒಂದು ಪುಟ್ಟ ಪ್ರಾರ್ಥನಾಲಯವಿದೆ. ಗೋಡೆಯೆಲ್ಲ ಮಸಿ ಹಿಡಿದಿದೆ. ಮೂಲೆಯ ತಗ್ಗು ಕಿಂಡಿಯಲ್ಲಿ ಬಗ್ಗಿ ನುಗ್ಗಬೇಕು, ಟಾರ್ಚ್ ಇಲ್ಲದೆ ಏನೂ ಕಾಣುವುದಿಲ್ಲ. ಬೆಳಕು ಹಾಯಿಸಿದರೆ ಬಂಡೆಯೊಳಕ್ಕೆ ಉದ್ದಕ್ಕೆ ಕೊರೆದ ಗೂಡುಗಳು, ಒಂದೊಂದೂ ಒಬ್ಬ ಮನುಷ್ಯನನ್ನು ಮಲಗಿಸುವಷ್ಟು. ಯೇಸುವಿನ ಕಾಲದ ಯೆಹೂದ್ಯರ ಸಮಾಧಿಗಳು ಇದೇ ಮಾದರಿಯವು. ಅವರು ಊರೊಳಗೆ ಹೂಳುತ್ತಿರಲಿಲ್ಲ. ಹಾಗಾದರೆ ಈ ಬಂಡೆ ಆಗ ಊರ ಹೊರಗಿತ್ತು, ಇಲ್ಲಿ ಸಮಾಧಿಗಳಿದ್ದವು. ಬಹಳಷ್ಟು ಗುಂಪುಗಳು ಈ ಮೂಲೆಗೆ ಬರುವುದೇ ಇಲ್ಲ. ನನಗೆ ಸಂಕಟವಾಗುತ್ತದೆ.

ಇನ್ನೊಂದು ಸಾಕ್ಷಿಯೂ ನನಗೆ ಬಲವಾಗಿ ಕಾಣುತ್ತದೆ. 2ನೇ ಶತಮಾನದಲ್ಲಿ ಚಕ್ರವರ್ತಿ ಹೇಡ್ರಿಯನ್ ಊರನ್ನು ಹೊಸದಾಗಿ ಕಟ್ಟಿಸಿದಾಗ ಇಲ್ಲಿ ಮಣ್ಣು ತುಂಬಿ, ಮೇಲೆ ರೋಮನ್ನರ ಗುಡಿ ಎದ್ದಿತು. 325ರ ಸುಮಾರಿಗೆ ಕ್ರೈಸ್ತರ ಪರ ನಿಂತ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಜನ ಅದನ್ನೇ ಕೆಡವಿ ಅಗೆದರು. ಕೆಳಗೆ ಗುಹೆ ಸಿಕ್ಕಿತು ಎಂದು ಅದೇ ಕಾಲದ ಬಿಷಪ್ ಯುಸೇಬಿಯಸ್ ಬರೆದಿದ್ದಾನೆ. ಸುಮ್ನೆ ಒಂದು ಜಾಗ ಬೇಕಿದ್ದರೆ ಊರ ಹೊರಗೆ ಬೇಕಾದಷ್ಟಿತ್ತು. ಶುಭಸಂದೇಶ, ಅಂದರೆ ಯೇಸುವಿನ ಬದುಕು ಹೇಳುವ ಬೈಬಲ್ ಪುಸ್ತಕಗಳನ್ನು ಓದಿದವರು ಅಲ್ಲೇ ಹುಡುಕುತ್ತಿದ್ದರು. ಊರ ನಡುವಿನ ದೊಡ್ಡ ಗುಡಿಯನ್ನು ಕೆಡವಲು ಹೊರಟರೆಂದರೆ, ಸ್ಥಳೀಯ ಕ್ರೈಸ್ತರಲ್ಲಿ ಆ ಜಾಗದ ನೆನಪು ಗಟ್ಟಿಯಾಗಿ ಉಳಿದಿತ್ತು ಎಂದೇ ನನ್ನ ತೀರ್ಮಾನ.

2016ರ ಅಕ್ಟೋಬರಿನಲ್ಲಿ ಅಥೆನ್ಸಿನ ತಜ್ಞರು ಮಂಟಪದ ದುರಸ್ತಿ ಮಾಡುವಾಗ ಸಮಾಧಿಯ ಮೇಲೆ ಹಾಸಿದ್ದ ಅಮೃತಶಿಲೆಯ ಚಪ್ಪಡಿ ಸರಿಸಿದರು. ಅಡಿಯಲ್ಲಿ ಶಿಲುಬೆ ಕೆತ್ತಿದ, ಬಿರುಕುಬಿಟ್ಟ ಇನ್ನೊಂದು ಚಪ್ಪಡಿ. ಅದರ ಕೆಳಗೆ ಸುಣ್ಣಕಲ್ಲಿನ ಹಾಸು. ಕೆಳಚಪ್ಪಡಿಯ ಗಾರೆ ಸುಮಾರು 345ರದ್ದು, ಅಂದರೆ ಕಾನ್‌ಸ್ಟಂಟೈನ್ ಇಲ್ಲಿ ಕಟ್ಟಿಸಿದ ಮೊದಲ ಚರ್ಚಿನ ಕಾಲದ ಸುಮಾರಿನದ್ದು ಎಂದು ಪರೀಕ್ಷೆಯಲ್ಲಿ ತಿಳಿಯಿತು. 1009ರಲ್ಲಿ ಖಲೀಫ ಅಲ್-ಹಾಕಿಮ್ ಚರ್ಚನ್ನು ನೆಲಸಮ ಮಾಡಿಸಿದರೂ ಜಾಗ ಬದಲಾಗಿಲ್ಲ ಎನ್ನಲು ಇದು ಒಳ್ಳೆಯ ಆಧಾರ.

ಕೋಟೆಗೋಡೆಯ ದಮಸ್ಕ ಬಾಗಿಲ ಆಚೆಯ, ಯೇಸುವಿನ ಸಮಾಧಿ ಅದೇ ಎಂದು ಕೆಲವರು ನಂಬುವ ತೋಟದ ಸಮಾಧಿಗೂ ಯಾತ್ರಿಕರನ್ನು ಕರೆದೊಯ್ಯುತ್ತೇನೆ, ಪ್ರಾರ್ಥನೆಗೆ ತುಂಬ ಪ್ರಶಾಂತ ಜಾಗ. ಆದರೆ ಆ ಗುಹೆ ಯೇಸುವಿಗಿಂತ ನೂರಾರು ವರ್ಷ ಹಳೆಯದು ಎಂದು ಪುರಾತತ್ವಜ್ಞ ಗೇಬ್ರಿಯಲ್ ಬರ್ಕಾಯ್ ತೋರಿಸಿದ್ದಾರೆ. ಶುಭಸಂದೇಶ ಹೇಳುವುದು ಹೊಸ ಸಮಾಧಿ.

ಪವಿತ್ರ ಸಮಾಧಿಯಲ್ಲೂ ಯೇಸುವಿನ ಹೆಸರು ಕೆತ್ತಿದ ಕಲ್ಲು ಸಿಕ್ಕಿಲ್ಲ. ಒಳಗೆ ಹೋಗುವ ಮುಂಚೆಯೇ ಅದನ್ನೂ ಎಲ್ಲರಿಗೂ ಹೇಳಿಬಿಡುತ್ತೇನೆ.