ಒಂದೇ ಪಿನ್ನು, ಐದು ಬೆಲ್ ಸ್ವಿಚ್ಚು: ನನ್ನ ಅನುಭವ

"ಒಂದೇ ಅನಲಾಗ್ ಪಿನ್ನಿಗೆ ಐದು ಬಟನ್ನಾ? ಮಳೆಗಾಲಕ್ಕೆ ಕೈ ಕೊಡುತ್ತೆ ಗುರು" ಅಂದಿದ್ದರು ಗೆಳೆಯರು, ನನ್ನ ಡ್ರಿಪ್ ಟೈಮರ್ ಬಗ್ಗೆ. (ಅನಲಾಗ್ ಪಿನ್ ಅಂದರೆ ಬೋರ್ಡಿನಲ್ಲಿ ವೋಲ್ಟೇಜನ್ನು ಅಂಕಿಯಾಗಿ ಓದುವ ಕಾಲು.) ಮಲೆನಾಡಿನ ಮಳೆಗಾಲವೇ ಕಳೆಯಿತು, ಇನ್ನೂ ಕೈ ಕೊಟ್ಟಿಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಅಡಿಕೆ ತೋಟದ ಡ್ರಿಪ್ ವಾಲ್ವುಗಳಿಗೆ ಟೈಮರ್ ಬೇಕಿತ್ತು. ಆರ್ಡುಯಿನೋ ನ್ಯಾನೋ (ಪುಟ್ಟ ಕಂಟ್ರೋಲರ್ ಬೋರ್ಡು), ಆರ್‌ಟಿಸಿ (ಗಡಿಯಾರದ ಚಿಪ್ಪು), ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಎಲ್ಲ ಮಾಮೂಲಿ. ತಲೆನೋವು ಬಟನ್ನಿನದೇ.

ಮೊದಲು 4×4 ಮೆಂಬ್ರೇನ್ ಕೀಪ್ಯಾಡ್ ತಂದೆ, ನೂರು ರೂಪಾಯಿ ಹತ್ತಿರ. ಎಂಟು ಪಿನ್ನು ತಿಂದಿತು. ಅದೂ ಹೋಗಲಿ, ಡಬ್ಬದ ಬಾಗಿಲು ತೆಗೆದು ಹಾಕಿ ಮಾಡಿದ್ದಕ್ಕೆ ಪಟ್ಟಿ ಕೇಬಲ್ ಒಳಗೇ ಬಿರುಕು ಬಿಟ್ಟು ಒಂದು ಸಾಲಿನ ಕೀಗಳು ಪೂರ್ತಿ ಸತ್ತವು. ಆಮೇಲೆ ಟಿಟಿಪಿ223 ಅನ್ನುವ ಟಚ್ ಬಟನ್, ಇಪ್ಪತ್ತು ರೂಪಾಯಿ. ಮನೆಯ ಟೇಬಲ್ ಮೇಲೆ ಬಹಳ ಚೆಂದ. ತೋಟದಲ್ಲಿ ಒಂದು ಹನಿ ನೀರು ಬಿದ್ದರೂ ಅದನ್ನೇ ಬೆರಳು ಅಂದುಕೊಳ್ಳುತ್ತದೆ. ರೋಟರಿ ಎನ್‌ಕೋಡರ್ (ತಿರುಗಿಸಿ, ಒತ್ತಿ ಆರಿಸುವ ಗುಂಡಿ) ಒಂದು ಕ್ಲಿಕ್ಕಿಗೆ ಎರಡು ಹೆಜ್ಜೆ ಹಾರುತ್ತಿತ್ತು. ಕೆಪಾಸಿಟರ್ ಹಾಕಿ ಅದನ್ನೇನೋ ಪಳಗಿಸಿದೆ. ಆದರೆ "ಇದನ್ನ ತಿರುಗಿಸೋದಾ, ಒತ್ತೋದಾ?" ಅಂತ ಅಪ್ಪ ಕೇಳುವುದು ನಿಲ್ಲಲಿಲ್ಲ.

ಕೊನೆಗೆ ಹಿಡಿದದ್ದು ಎಲೆಕ್ಟ್ರಿಕ್ ಅಂಗಡಿಯ ಬೆಲ್ ಸ್ವಿಚ್ಚು. ದಪ್ಪ ಬೆರಳು, ಒದ್ದೆ ಕೈ, ಯಾವುದಕ್ಕೂ ಜಗ್ಗುವುದಿಲ್ಲ. ನ್ಯಾನೋದ ಎ7 ಹೇಗೂ ಡಿಜಿಟಲ್ ಕೆಲಸಕ್ಕೆ ಬಾರದೆ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಅದಕ್ಕೇ ಜೋಡಿಸಿದೆ. ಮೊದಲು 10ಕೆ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ 10,000 ಓಮಿನ ರೆಸಿಸ್ಟರ್) ಹಾಕಿದ್ದೆ. ಬೆಲ್ ಸ್ವಿಚ್ಚಿನ ಕಾಂಟ್ಯಾಕ್ಟ್ ಇರುವುದು 230 ವೋಲ್ಟಿಗೆ. ಅರ್ಧ ಮಿಲಿಆಂಪಿಗೆ ಅದರ ಕಿಲುಬು ಬಿಡುವುದಿಲ್ಲ, ಅಂಕಿ ಕುಣಿಯುತ್ತಿತ್ತು. ಎಲ್ಲವನ್ನೂ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದೆ: ಪುಲ್‌ಅಪ್ 1ಕೆ, ಒಂದು ಬಟನ್ ನೇರ ಗ್ರೌಂಡಿಗೆ, ಉಳಿದವು 220, 470, 1ಕೆ, 2.2ಕೆ ಓಮಿನ ರೆಸಿಸ್ಟರ್ ಮೂಲಕ. ಒಂದೊಂದು ಬಟನ್ನಿಗೂ ಬೇರೆ ಬೇರೆ ವೋಲ್ಟೇಜು ಬರುತ್ತದೆ, ಯಾವುದು ಒತ್ತಿದ್ದು ಅಂತ ಅದರಿಂದಲೇ ಗೊತ್ತಾಗುತ್ತದೆ. ಈಗ ಐದು ಮಿಲಿಆಂಪಿನವರೆಗೂ ಹರಿಯುತ್ತದೆ. ಅಂಕಿ 0, 184, 327, 512, 703ರ ಆಸುಪಾಸು, ಯಾವುದೂ ಒತ್ತದಿದ್ದರೆ 1023. ಪುಲ್‌ಅಪ್ಪಿಗೂ ಎಡಿಸಿಗೂ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಅದೇ 5 ವೋಲ್ಟು, ಹಾಗಾಗಿ ಸಪ್ಲೈ ಕುಸಿದರೂ ಅಂಕಿ ಅಲುಗುವುದಿಲ್ಲ. ಪ್ಯಾನೆಲ್ಲಿನಿಂದ ಬರುವುದು ಎರಡೇ ವೈರು. ಹಳೆ ಲ್ಯಾನ್ ಕೇಬಲ್ ಸಾಕಾಯಿತು.

ಒಂದು ಕಾಟ ಮಾತ್ರ ತುಂಬಾ ಆಟ ಆಡಿಸಿತು. 'ನಿಲ್ಲಿಸು' ಒತ್ತಿ ಬಿಟ್ಟರೆ ಒಮ್ಮೊಮ್ಮೆ ಇನ್ನೊಂದು ವಾಲ್ವು ತೆರೆಯುತ್ತಿತ್ತು. ಬಟನ್ ಬಿಡುವಾಗ ವೋಲ್ಟೇಜು 0ಯಿಂದ ಮೇಲೇರುತ್ತಾ ಬೇರೆ ಬಟನ್ನುಗಳ ಅಂಕಿಯನ್ನೂ ಹಾದುಹೋಗುತ್ತದಲ್ಲ, ಆ ಗಳಿಗೆಯಲ್ಲಿ ಓದಿದರೆ ಮುಗಿಯಿತು. 20 ಮಿಲಿಸೆಕೆಂಡ್ ಬಿಟ್ಟು ಎರಡು ಸಲ ಓದಿ, ಎರಡೂ ಒಂದೇ ಬಟನ್ ಅಂದರಷ್ಟೇ ಒಪ್ಪಿಕೊಳ್ಳುವಂತೆ ಮಾಡಿದೆ. ಮೋಟಾರಿನ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಬಡಿದಾಗಲೂ ತಪ್ಪು ಓದದಂತೆ ಇನ್ನೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಹಳೆ ಡಿಟಿಎಚ್ ರಿಮೋಟಿಗೆ ಟಿಎಸ್‌ಒಪಿ1738 ಅನ್ನುವ ಇನ್‌ಫ್ರಾರೆಡ್ ರಿಸೀವರ್ ಹಾಕಿಯೂ ನೋಡಿದ್ದೆ. ಮನೆಯೊಳಗೆ ಸೂಪರ್. ನೇರ ಬಿಸಿಲು ಬಿದ್ದರೆ ರಿಸೀವರ್ ಕುರುಡು. ಮೇಲಾಗಿ ರಿಮೋಟು ತೋಟದಲ್ಲಿ ಎಲ್ಲೋ ಕಳೆದುಹೋಯಿತು.

ಸ್ವಿಚ್ಚುಗಳಿಗೆ ನೂರೈವತ್ತು ರೂಪಾಯಿ ಆಗಿರಬಹುದು, ರೆಸಿಸ್ಟರಿಗೆ ಐದು. ಕೀಪ್ಯಾಡಿಗಿಂತ ಜಾಸ್ತಿಯೇ. ಆದರೆ ಕೆಟ್ಟರೆ ಊರಿನ ಅಂಗಡಿಯಲ್ಲೇ ಸಿಗುತ್ತದೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಬಸ್ ಹತ್ತಬೇಕಿಲ್ಲ. ಅಪ್ಪನಿಗೆ ಈಗ ಆರನೇ ಬಟನ್ ಬೇಕಂತೆ. 4.7ಕೆ ಹಾಕಿದರೆ 844 ಹತ್ತಿರ ಬರುತ್ತದೆ, ಜಾಗ ಇದೆ.